ಡಬ್ಬಿ ಮೀನು ತರುವುದಾದರೆ ಯಾವುದು: ಟ್ಯೂನಾ, ಬೂತಾಯಿ, ಬಂಗುಡೆ, ಸಾಲ್ಮನ್?

ಕರಾವಳಿಯವರಿಗೆ ಡಬ್ಬಿ ಮೀನು ಅಂದರೆ ಮೂಗು ಮುರಿಯುವ ವಿಷಯ. ಮಲ್ಪೆಯಲ್ಲಿ ಬೆಳಿಗ್ಗೆ ದೋಣಿಯಿಂದ ಇಳಿದ ಬಂಗುಡೆಯನ್ನು ಮಧ್ಯಾಹ್ನಕ್ಕೆ ಸಾರು ಮಾಡಿ ಉಂಡವರು ತಗಡಿನೊಳಗಿನ ಮೀನನ್ನು ಮೀನು ಅಂತಲೇ ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ತಾಜಾ ಮೀನು ಕೈಗೆ ಸಿಗುವ ಕಡೆ ಡಬ್ಬಿಗೆ ಏನು ಕೆಲಸ?

ಆದರೆ ಎಲ್ಲರೂ ಮಲ್ಪೆಯಲ್ಲಿಲ್ಲ. ಸೌದಿಯ ದಮ್ಮಾಮ್‌ನ ರೂಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಅಡುಗೆ ಮಾಡಿಕೊಳ್ಳುವವರಿದ್ದಾರೆ. ಅಮೆರಿಕದ ಯಾವುದೋ ಊರಿನಲ್ಲಿ ಓದುತ್ತಿರುವ, ಹತ್ತಿರದ ಮೀನಂಗಡಿಗೆ ಒಂದು ಗಂಟೆ ಕಾರು ಓಡಿಸಬೇಕಾದ ಮಕ್ಕಳಿದ್ದಾರೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಮೀನು ಕ್ಲೀನ್ ಮಾಡಲು ಜಾಗವೂ ಇಲ್ಲ, ಧೈರ್ಯವೂ ಇಲ್ಲ ಎನ್ನುವವರಿದ್ದಾರೆ. ಊರಿನಲ್ಲೇ ಇದ್ದರೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ 61 ದಿನ ಮಾರುಕಟ್ಟೆಯಲ್ಲಿ ಐಸ್ ಮೀನು, ಒಣ ಮೀನು, ಇಲ್ಲದಿದ್ದರೆ ಕೈ ಸುಡುವ ರೇಟು. ಇವರಿಗೆಲ್ಲ ಅಡುಗೆಮನೆಯ ಮೂಲೆಯಲ್ಲಿ ನಾಲ್ಕು ಡಬ್ಬಿ ಇದ್ದರೆ ಅದೊಂದು ಅನುಕೂಲವೇ.

ತೊಂದರೆ ಶುರುವಾಗುವುದು ಸೂಪರ್ ಮಾರ್ಕೆಟ್ಟಿನ ಆ ಶೆಲ್ಫಿನ ಮುಂದೆ. ಟ್ಯೂನಾ ಒಂದರಲ್ಲೇ ಏಳೆಂಟು ಬಗೆ. ನೀರಿನಲ್ಲಿ, ಉಪ್ಪುನೀರಿನಲ್ಲಿ, ಎಣ್ಣೆಯಲ್ಲಿ, ಆಲಿವ್ ಎಣ್ಣೆಯಲ್ಲಿ, ಮೆಣಸಿನ ಜೊತೆ. ಪಕ್ಕದಲ್ಲಿ ಸಾರ್ಡಿನ್, ಮ್ಯಾಕರೆಲ್. ಹೆಚ್ಚಿನವರು ಹೆಸರು ಕೇಳಿರುವ ಬ್ರ್ಯಾಂಡಿನ ಟ್ಯೂನಾ ಒಂದನ್ನು ಎತ್ತಿಕೊಂಡು ಬರುತ್ತಾರೆ, ಅಮ್ಮ ಮಾಡುವ ರೀತಿಯಲ್ಲೇ ಗಸಿ (ತೆಂಗಿನಕಾಯಿ ಅರೆದ ಗಟ್ಟಿ ಸಾರು) ಮಾಡುತ್ತಾರೆ, ಅದು ಪುಡಿಪುಡಿಯಾಗಿ ಗಂಜಿಯಂತಾಗುತ್ತದೆ. ಆಮೇಲೆ "ಡಬ್ಬಿ ಮೀನೇ ಸರಿಯಿಲ್ಲ" ಅಂತ ತೀರ್ಪು. ತಪ್ಪು ಡಬ್ಬಿಯದ್ದಲ್ಲ. ಗಸಿಗೆ ಟ್ಯೂನಾ ತಂದದ್ದು ತಪ್ಪು.

ಹಾಗಾಗಿ ಬ್ರ್ಯಾಂಡ್ ನೋಡುವ ಮೊದಲು ಇವತ್ತು ಸಾರೋ, ಒಣ ಮಸಾಲೆಯ ಸುಕ್ಕವೋ, ಕಟ್ಲೆಟ್ಟೋ, ಬರೀ ಬ್ರೆಡ್ಡಿಗೋ ಅಂತ ತೀರ್ಮಾನಿಸಿ. ಅದರ ಮೇಲೆ ಯಾವ ಮೀನು, ಯಾವ ದ್ರವದಲ್ಲಿ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲು ಒಂದು ಮಾತು: ಅದು ಬೆಂದ ಮೀನು

ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಡಬ್ಬಿಯಲ್ಲಿರುವುದು ಹಸಿ ಮೀನಲ್ಲ. ಮೀನು ತುಂಬಿ, ಮುಚ್ಚಳ ಬಿಗಿದ ಮೇಲೆ ಇಡೀ ಡಬ್ಬಿಯನ್ನು ದೊಡ್ಡ ಪ್ರೆಶರ್ ಪಾತ್ರೆಯಲ್ಲಿಟ್ಟು ಸುಮಾರು 115ರಿಂದ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಒಳಗಿನ ಸೂಕ್ಷ್ಮಾಣುಗಳು ಸತ್ತು, ಹೊರಗಿನಿಂದ ಹೊಸದಾಗಿ ಏನೂ ಸೇರದಂತೆ ಆಗುವುದು ಹೀಗೆ. ಫ್ರಿಜ್ಜಿಲ್ಲದೆ ಮೂರರಿಂದ ಐದು ವರ್ಷ ಇರುವುದಕ್ಕೆ ಕಾರಣ ಈ ಬಿಸಿ ಮತ್ತು ಬಿಗಿ ಮುಚ್ಚಳ. ಬಹಳ ಜನ ಅಂದುಕೊಂಡಂತೆ ಕೆಮಿಕಲ್ ಅಲ್ಲ. ಲೇಬಲ್ ತಿರುಗಿಸಿ ನೋಡಿ, ಒಳ್ಳೆಯ ಸಾರ್ಡಿನ್ ಡಬ್ಬಿಯಲ್ಲಿ ಮೀನು, ಎಣ್ಣೆ, ಉಪ್ಪು ಮೂರೇ ಇರುತ್ತವೆ.

ಟ್ಯೂನಾದ್ದು ಇನ್ನೊಂದು ಹೆಜ್ಜೆ ಮುಂದೆ. ಅದು ದೊಡ್ಡ ಮೀನು. ಸಾಮಾನ್ಯವಾಗಿ ಮೊದಲೇ ಹಬೆಯಲ್ಲಿ ಬೇಯಿಸಿ, ಚರ್ಮ, ಮುಳ್ಳು, ಕಪ್ಪು ಮಾಂಸ ತೆಗೆದು, ಬಿಳಿ ಮಾಂಸವನ್ನಷ್ಟೇ ಡಬ್ಬಿಗೆ ತುಂಬಿ ಮತ್ತೆ ಬೇಯಿಸುತ್ತಾರೆ. ಎರಡು ಸಲ ಬೆಂದ, ಕೊಬ್ಬು ಕಮ್ಮಿ ಇರುವ ಮಾಂಸ ಒಣಗದೆ ಏನಾದೀತು? ಮತ್ತೆ ನೀವು ಮಸಾಲೆಯಲ್ಲಿ ಹದಿನೈದು ನಿಮಿಷ ಕುದಿಸಿದರೆ ಅದು ನಾರಾಗುತ್ತದೆ.

ಆದ್ದರಿಂದ ಯಾವ ಡಬ್ಬಿಯಾದರೂ ಕ್ರಮ ಒಂದೇ. ಮಸಾಲೆ ಪೂರ್ತಿ ಬೇಯಬೇಕು, ಹಸಿ ವಾಸನೆ ಹೋಗಬೇಕು, ಹುಳಿ-ಖಾರ ಸರಿಹೋಗಬೇಕು. ಮೀನು ಕೊನೆಯಲ್ಲಿ. ಮೂರು-ನಾಲ್ಕು ನಿಮಿಷ ಬಿಸಿಯಾದರೆ ಸಾಕು.

ಬೂತಾಯಿ ಮತ್ತು ಟ್ಯೂನಾ

ನಿಜವಾದ ಆಯ್ಕೆ ಇರುವುದು ಇವೆರಡರ ನಡುವೆ. ಉಳಿದದ್ದೆಲ್ಲ ಆಮೇಲೆ.

ಡಬ್ಬಿಯ ಸಾರ್ಡಿನ್ ಅಂದರೆ ನಮ್ಮ ಬೂತಾಯಿಯ ನೆಂಟ. ಕುಂದಾಪುರದವರಿಗೆ ಬೈಗೆ, ಕಾರವಾರದ ಕಡೆಯವರಿಗೆ ತಾರ್ಲೆ. ಥೇಟ್ ಅದೇ ಮೀನಲ್ಲ. ಗಲ್ಫಿನ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಮೊರಾಕೊದ ಮಾಲು. ಡಬ್ಬಿ ಸಾರ್ಡಿನ್ ರಫ್ತಿನಲ್ಲಿ ಆ ದೇಶವೇ ಮುಂದೆ. ಅದು ಯುರೋಪಿನ ಜಾತಿ. ನಾರ್ವೆಯ ಪುಟ್ಟ ಬ್ರಿಸ್ಲಿಂಗ್ ಕೂಡ ಸಾರ್ಡಿನ್ ಹೆಸರಿನಲ್ಲೇ ಮಾರಾಟವಾಗುತ್ತದೆ. ಅದನ್ನು ಸಾಮಾನ್ಯವಾಗಿ ಹೊಗೆ ಹಾಕಿ ತುಂಬಿರುತ್ತಾರೆ, ಹಾಗಾಗಿ ಸಾರಿಗೆ ಒಗ್ಗುವುದಿಲ್ಲ. ಟೋಸ್ಟಿನ ಮೇಲಿಟ್ಟು ತಿನ್ನಲು ಚೆನ್ನ. ಸಾರಿಗೆ ಮೊರಾಕೊದ್ದೋ, ಕೇರಳದಿಂದ ಬರುವ ಡಬ್ಬಿಯೋ ಸರಿ.

ಬೂತಾಯಿಯ ದೊಡ್ಡ ಗುಣ ಅದರ ಮುಳ್ಳು. ತಾಜಾ ಬೂತಾಯಿ ತಿನ್ನುವಾಗ ಮಕ್ಕಳಿಗೆ ಮುಳ್ಳು ಬಿಡಿಸಿ ಕೊಡುವುದೇ ಒಂದು ಕೆಲಸ. ಡಬ್ಬಿಯಲ್ಲಿ ಆ ಒತ್ತಡ, ಆ ಬಿಸಿಗೆ ಮುಳ್ಳು ಮೆತ್ತಗಾಗಿ, ಬೆರಳಲ್ಲಿ ಒತ್ತಿದರೆ ಸೀಮೆಸುಣ್ಣದ ಹಾಗೆ ಪುಡಿಯಾಗುತ್ತದೆ. ತೆಗೆಯಬೇಡಿ. ಕ್ಯಾಲ್ಸಿಯಂ ಇರುವುದೇ ಅಲ್ಲಿ. ಮುಳ್ಳು ಸಮೇತ 100 ಗ್ರಾಂ ಡಬ್ಬಿ ಸಾರ್ಡಿನ್ ತಿಂದರೆ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಅಷ್ಟೇ ಟ್ಯೂನಾದಲ್ಲಿ 20 ಮಿಲಿಗ್ರಾಂ ದಾಟುವುದೂ ಕಷ್ಟ. ಒಮೆಗಾ-3 ಕೊಬ್ಬಿನಲ್ಲೂ ಹಾಗೆಯೇ. ಸಾರ್ಡಿನ್‌ನಲ್ಲಿ 100 ಗ್ರಾಮಿಗೆ ಸುಮಾರು 1 ಗ್ರಾಂ, ನೀರಿನಲ್ಲಿ ತುಂಬಿದ ಲೈಟ್ ಟ್ಯೂನಾದಲ್ಲಿ ಕಾಲು ಗ್ರಾಮಿನ ಆಸುಪಾಸು.

ಹಾಗಾದರೆ ಟ್ಯೂನಾ ಯಾಕೆ ಬೇಕು? ವಾಸನೆ ಕಮ್ಮಿ. ಮುಳ್ಳಿಲ್ಲ, ಚರ್ಮವಿಲ್ಲ. ಮೀನು ತಿಂದು ಅಭ್ಯಾಸವಿಲ್ಲದ ಬಯಲುಸೀಮೆಯ ಗೆಳೆಯನಿಗೂ ಕೊಡಬಹುದು, ಅವನು ತಿನ್ನುತ್ತಾನೆ. ನೀರಿನಲ್ಲಿ ತುಂಬಿದ್ದಾದರೆ ಕೊಬ್ಬು ತೀರಾ ಕಮ್ಮಿ, ಪ್ರೋಟೀನು ಜಾಸ್ತಿ. ಜಿಮ್ಮಿಗೆ ಹೋಗುವವರು ಡಬ್ಬಿ ಡಬ್ಬಿ ತಿನ್ನುವುದು ಇದಕ್ಕೇ. ಹಾಗೆ ತಿನ್ನುವುದಕ್ಕೂ ಒಂದು ಮಿತಿಯಿದೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಕರಾವಳಿಯಲ್ಲೂ ಟ್ಯೂನಾ ಇಲ್ಲದಿಲ್ಲ. ಮಂಗಳೂರಿನ ಮಾರುಕಟ್ಟೆಯಲ್ಲಿ ಕೇದರ ಅಂತ ಕೇಳಿದರೆ ಕೊಡುತ್ತಾರೆ. ಆದರೆ ಅಂಜಲ್, ಪಾಂಪ್ಲೆಟ್ಟಿಗೆ ಇರುವ ಮರ್ಯಾದೆ ಅದಕ್ಕಿಲ್ಲ. ಅರಬ್ಬಿ ಸಮುದ್ರದಲ್ಲಿ ಸ್ವಲ್ಪ ಮುಂದೆ ಹೋದರೆ ಕಥೆಯೇ ಬೇರೆ. ಲಕ್ಷದ್ವೀಪದ ಮಿನಿಕಾಯ್‌ನವರ ಬದುಕೇ ಟ್ಯೂನಾ. ಬಲೆ ಹಾಕದೆ, ಕೋಲಿಗೆ ದಾರ ಕಟ್ಟಿ ಒಂದೊಂದಾಗಿ ಎಳೆದು ಹಾಕುತ್ತಾರೆ. 1969ರಲ್ಲೇ ಅಲ್ಲಿ ಟ್ಯೂನಾ ಡಬ್ಬಿ ತುಂಬುವ ಸರ್ಕಾರಿ ಕಾರ್ಖಾನೆ ಶುರುವಾಯಿತು. ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಒಣಗಿಸಿದ ಅಲ್ಲಿನ ಮಾಸ್‌ಮೀನು ಕೈಗೆ ಸಿಕ್ಕರೆ ಬಿಡಬೇಡಿ. ಡಬ್ಬಿಗಿಂತ ಅದರ ಚಟ್ನಿ ಎಷ್ಟೋ ಮೇಲು.

ನನ್ನ ತೀರ್ಪು ಕೇಳಿದರೆ: ಅನ್ನ, ಗಂಜಿ, ನೀರುದೋಸೆಯ ಜೊತೆ ತಿನ್ನುವುದಾದರೆ ಬೂತಾಯಿ. ಚಪಾತಿ, ಬ್ರೆಡ್ಡು, ಸಲಾಡ್, ಕಟ್ಲೆಟ್ ಆದರೆ ಟ್ಯೂನಾ.

ನೀರೋ, ಎಣ್ಣೆಯೋ, ಟೊಮೆಟೊ ಸಾಸೋ

ಮೀನಿನ ಜಾತಿಯಷ್ಟೇ ಮುಖ್ಯ ಅದು ಮುಳುಗಿರುವ ದ್ರವ.

ಟ್ಯೂನಾದಲ್ಲಿ ನೀರು, ಉಪ್ಪುನೀರು, ಎಣ್ಣೆ ಮೂರು ಇರುತ್ತವೆ. ಸಲಾಡಿಗೆ, ಡಯಟ್ಟಿಗೆ ನೀರಿನದ್ದು. ನಮ್ಮ ರೀತಿಯ ಅಡುಗೆಗೆ ನಾನು ಹೇಳುವುದು ಎಣ್ಣೆಯದ್ದು, ಯಾಕೆಂದರೆ ಮಾಂಸ ಅಷ್ಟು ಒಣಗಿರುವುದಿಲ್ಲ. ಯಾವ ಎಣ್ಣೆ ಅಂತ ನೋಡಿ. ಕಮ್ಮಿ ಬೆಲೆಯದ್ದರಲ್ಲಿ ಸೋಯಾ ಅಥವಾ ಸೂರ್ಯಕಾಂತಿ ಎಣ್ಣೆ ಇರುತ್ತದೆ. ಅದನ್ನು ಬಸಿದು ಚೆಲ್ಲಿ, ನಿಮ್ಮ ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಹಾಕಿ. ಆಲಿವ್ ಎಣ್ಣೆಯದ್ದಾದರೆ ಚೆಲ್ಲುವುದು ಪಾಪ. ಮೀನಿನ ಒಮೆಗಾ-3 ಸ್ವಲ್ಪ ಆ ಎಣ್ಣೆಗೂ ಇಳಿದಿರುತ್ತದೆ. ಒಂದು ಚಮಚ ಬಿಸಿ ಮಾಡಿ ಬೆಳ್ಳುಳ್ಳಿ ಜಜ್ಜಿ ಹಾಕಿ, ಬ್ರೆಡ್ಡಿಗೆ ಸವರಿ ನೋಡಿ. ನೀರಿನಲ್ಲಿ ತುಂಬಿದ್ದರಲ್ಲಿ ಈ ನಷ್ಟ ಕಮ್ಮಿ, ಎಣ್ಣೆಯಂಶ ನೀರಿಗೆ ಸೇರುವುದಿಲ್ಲವಲ್ಲ.

ಉಪ್ಪುನೀರಿನ ಡಬ್ಬಿಯನ್ನು ಬೇರೆ ಗತಿಯಿಲ್ಲದಿದ್ದರೆ ಮಾತ್ರ ತನ್ನಿ. ತಂದರೆ ಬಸಿದು, ಒಮ್ಮೆ ಸಾದಾ ನೀರಿನಲ್ಲಿ ತೊಳೆದು ಬಳಸಿ. ಬಿಪಿ ಇರುವವರು ಎಲ್ಲ ಡಬ್ಬಿಯಲ್ಲೂ ಸೋಡಿಯಂ ಎಷ್ಟಿದೆ ಅಂತ ನೋಡಲೇಬೇಕು. ಲೇಬಲ್ಲಿನಲ್ಲಿ ಬರೆದ ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಮ್ಮಿ. ಅದರಲ್ಲಿ ನಿಮ್ಮ ಉಪ್ಪಿನಕಾಯಿ, ಸಾರು, ಪಲ್ಯ ಎಲ್ಲ ಸೇರಿತು.

ಸಾರ್ಡಿನ್ನಿನಲ್ಲಿ ಆಯ್ಕೆ ಹೆಚ್ಚಾಗಿ ಎಣ್ಣೆ ಮತ್ತು ಟೊಮೆಟೊ ಸಾಸ್ ನಡುವೆ. ಬಿಸಿ ಬಿಸಿ ಸಾರು ಬೇಕು, ಮಸಾಲೆ ಅರೆಯಲು ಸಮಯವಿಲ್ಲ ಅಂದರೆ ಟೊಮೆಟೊ ಸಾಸಿನದ್ದು. ಈರುಳ್ಳಿ, ಹಸಿಮೆಣಸು, ಶುಂಠಿ, ಕರಿಬೇವು ಬಾಡಿಸಿ, ಖಾರದಪುಡಿ ಹಾಕಿ, ಡಬ್ಬಿಯನ್ನು ಸಾಸ್ ಸಮೇತ ಸುರಿದರೆ ಹತ್ತು ನಿಮಿಷದಲ್ಲಿ ಊಟ. ಕೊಲ್ಲಿ ದೇಶಗಳ ರೂಮುಗಳಲ್ಲಿ ಕುಬ್ಬೂಸ್ (ಅರಬ್ಬರ ರೊಟ್ಟಿ) ಜೊತೆ ಇದು ಮಾಮೂಲಿ ಅಡುಗೆ. ಒಂದೇ ಕಿರಿಕಿರಿ: ಕೆಲವು ಕಂಪನಿಯ ಸಾಸು ತುಸು ಸಿಹಿ. ಅದಕ್ಕೆ ಅರ್ಧ ಲಿಂಬೆ ಹಿಂಡಿದರೆ ಸರಿಹೋಗುತ್ತದೆ. ಹುಣಸೆ-ಮೆಣಸಿನ ಸಾರು ಪುಳಿಮುಂಚಿ ಮಾಡುವುದಾದರೆ ಟೊಮೆಟೊದ್ದು ಬೇಡ. ನೀರು ಅಥವಾ ಎಣ್ಣೆಯದ್ದೇ ಬೇಕು.

ಲೇಬಲ್ಲಿನಲ್ಲಿ ನೋಡಬೇಕಾದದ್ದು

ಮುಂದಿನ ಚಿತ್ರ ನೋಡಬೇಡಿ, ಅದರಲ್ಲಿ ಯಾವಾಗಲೂ ಲೆಟ್ಯೂಸ್ ಎಲೆ ಇರುತ್ತದೆ. ಡಬ್ಬಿ ತಿರುಗಿಸಿ.

ಎರಡು ತೂಕ ಬರೆದಿರುತ್ತಾರೆ. ನೆಟ್ ವೆಯ್ಟ್ ಅಂದರೆ ದ್ರವವೂ ಸೇರಿ. ಡ್ರೈನ್ಡ್ ವೆಯ್ಟ್ ಅಂದರೆ ಬಸಿದ ಮೇಲೆ ಉಳಿಯುವ ಮೀನು. ಚಪ್ಪಟೆ ಸಾರ್ಡಿನ್ ಡಬ್ಬಿ ಸಾಮಾನ್ಯವಾಗಿ 125 ಗ್ರಾಂ, ಬಸಿದರೆ 90 ಗ್ರಾಂ ಆಸುಪಾಸು. ಬೆಲೆ ಹೋಲಿಸಬೇಕಾದದ್ದು ಬಸಿದ ತೂಕದ ಮೇಲೆ. ಉದಾಹರಣೆಗೆ 200 ರೂಪಾಯಿಯ ಡಬ್ಬಿಯಲ್ಲಿ 130 ಗ್ರಾಂ ಮೀನಿದ್ದರೆ 100 ಗ್ರಾಮಿಗೆ 154 ರೂಪಾಯಿ ಬಿತ್ತು. 180 ರೂಪಾಯಿಯ ಇನ್ನೊಂದರಲ್ಲಿ 100 ಗ್ರಾಮೇ ಇದ್ದರೆ ಅಗ್ಗ ಅಂದುಕೊಂಡದ್ದೇ ದುಬಾರಿ. ಟೊಮೆಟೊ ಸಾಸಿನದ್ದಕ್ಕೆ ಈ ಲೆಕ್ಕ ಅಷ್ಟು ಒಗ್ಗುವುದಿಲ್ಲ, ಸಾಸನ್ನೂ ತಿನ್ನುತ್ತೇವಲ್ಲ.

ಟ್ಯೂನಾದಲ್ಲಿ ಸಾಲಿಡ್, ಚಂಕ್, ಫ್ಲೇಕ್ಸ್ ಅಂತ ಇರುತ್ತದೆ. ಸಾಲಿಡ್ ದೊಡ್ಡ ತುಂಡು, ಬೆಲೆಯೂ ದೊಡ್ಡದು. ಚಂಕ್ ಸಣ್ಣ ತುಂಡು, ಫ್ಲೇಕ್ಸ್ ಪುಡಿ. ಕಟ್ಲೆಟ್ಟಿಗೆ ಸಾಲಿಡ್ ತಂದು ಕೈಯಲ್ಲಿ ಪುಡಿ ಮಾಡುವುದು ಸುಮ್ನೆ ದುಡ್ಡು ದಂಡ. ಸುಕ್ಕಕ್ಕೆ ಚಂಕ್ ಸರಿ.

ಜಾತಿಯ ಹೆಸರೂ ಇರುತ್ತದೆ. ಸ್ಕಿಪ್‌ಜ್ಯಾಕ್ ಸಣ್ಣ ಟ್ಯೂನಾ, ಮಾಂಸ ಸ್ವಲ್ಪ ಕಂದು, ರುಚಿ ಗಾಢ. ಅಮೆರಿಕದಲ್ಲಿ ಲೈಟ್ ಟ್ಯೂನಾ ಅಂತ ಮಾರುವುದು ಹೆಚ್ಚಾಗಿ ಇದೇ. ಅಲ್ಲಿ ವೈಟ್ ಅಂದರೆ ಆಲ್ಬಕೋರ್: ದೊಡ್ಡದು, ಬಿಳಿ, ಸಪ್ಪೆ. ನಮ್ಮ ಮಸಾಲೆಗೆ ಸ್ಕಿಪ್‌ಜ್ಯಾಕ್ ಸಾಕು. ಆಲ್ಬಕೋರಿಗೆ ಹೆಚ್ಚು ದುಡ್ಡು ಕೊಟ್ಟು ಅದರ ಮೇಲೆ ಬ್ಯಾಡಗಿ ಮೆಣಸು ಸುರಿದರೆ ಯಾರಿಗೆ ಲಾಭ?

ಭಾರತದ ಅಂಗಡಿಗಳಲ್ಲಿ ಕೇರಳದ ಟೇಸ್ಟಿ ನಿಬಲ್ಸ್ ಇಂಥವು ಕಾಣುತ್ತವೆ. ಹೊರದೇಶದ್ದರಲ್ಲಿ ಥಾಯ್ಲೆಂಡಿನಿಂದ ಬಂದದ್ದೇ ಹೆಚ್ಚು, ಡಬ್ಬಿ ಟ್ಯೂನಾ ರಫ್ತಿನಲ್ಲಿ ಆ ದೇಶವೇ ಮುಂದೆ. ಮಸಾಲೆ ಹಾಕಿಯೇ ಬರುವ ಕರಿ ಡಬ್ಬಿಗಳೂ ಇವೆ. ಪ್ರಯಾಣಕ್ಕೆ ಪರವಾಗಿಲ್ಲ. ಮನೆಯಲ್ಲಿ ಒಲೆ ಇದ್ದಮೇಲೆ ಸಾದಾ ಡಬ್ಬಿಯೇ ತನ್ನಿ.

ಬಂಗುಡೆ, ಸಾಲ್ಮನ್

ಡಬ್ಬಿಯ ಮ್ಯಾಕರೆಲ್ ಅಂದ ಕೂಡಲೇ ನಮ್ಮ ಬಂಗುಡೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 425 ಗ್ರಾಮಿನ ಎತ್ತರದ ಡಬ್ಬಿಯಲ್ಲಿ ಅಗ್ಗಕ್ಕೆ ಸಿಗುವುದು ಎಷ್ಟೋ ಸಲ ಜ್ಯಾಕ್ ಮ್ಯಾಕರೆಲ್. ಅದು ಬೇರೆಯೇ ಕುಟುಂಬದ ಮೀನು, ಒಣಕಲು, ವಾಸನೆ ಜೋರು. ಆದರೂ ದೊಡ್ಡ ಸಂಸಾರಕ್ಕೆ, ನಾಲ್ಕು ಜನ ಹುಡುಗರ ರೂಮಿಗೆ ಅದರಷ್ಟು ಲಾಭದ ಡಬ್ಬಿ ಇನ್ನೊಂದಿಲ್ಲ. ನೀರು ಬಸಿದು, ನಡುವಿನ ಮುಳ್ಳಿನ ಸಾಲು ಬೇಡವಾದರೆ ಬೆರಳಲ್ಲಿ ಎತ್ತಿ ತೆಗೆದು, ತೆಂಗಿನಕಾಯಿ ಹಾಕಿ ಗಟ್ಟಿ ಗಸಿ ಮಾಡಿ. ತೆಪ್ಪಲ್ (ಮೀನು ಸಾರಿಗೆ ಹಾಕುವ ಘಮದ ಕಾಳು) ಇದ್ದರೆ ನಾಲ್ಕು ಕಾಳು ಜಜ್ಜಿ ಹಾಕಿ. ವಾಸನೆಯನ್ನು ಅದೇ ನೋಡಿಕೊಳ್ಳುತ್ತದೆ.

ಸಾಲ್ಮನ್ ನಮ್ಮಲ್ಲಿ ದುಬಾರಿ. ಅಮೆರಿಕ, ಕೆನಡಾದಲ್ಲಿರುವವರು ಪಿಂಕ್ ಸಾಲ್ಮನ್ ನೋಡಬಹುದು, ಕೆಂಪು ಸಾಕಾಯ್ ಸಾಲ್ಮನ್‌ಗಿಂತ ಬೆಲೆ ಕಮ್ಮಿ. ಮುಳ್ಳು, ಚರ್ಮ ಸಮೇತವಿರುವ ಡಬ್ಬಿಯಾದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಕಟ್ಲೆಟ್ಟಿಗೆ ಟ್ಯೂನಾಕ್ಕಿಂತ ಒಂದು ಕೈ ಮೇಲು. ಸಾರಿಗೆ ಬೇಡ.

ಆಂಚೋವಿ ಉಪ್ಪಿನಲ್ಲಿ ತಿಂಗಳುಗಟ್ಟಲೆ ಕಳಿಯಲು ಬಿಟ್ಟ ಸಣ್ಣ ಮೀನು. ಅದನ್ನು ಮೀನು ಅಂತ ಅಲ್ಲ, ಉಪ್ಪಿನ ಬದಲು ಅಂತ ಬಳಸಬೇಕು. ಇಟಲಿಯವರ ಪಾಸ್ತಾಕ್ಕೆ ಸರಿ. ಬಿಡಿ.

ಡಬ್ಬಿ ಬೂತಾಯಿ ಪುಳಿಮುಂಚಿ

ಇಬ್ಬರಿಗೆ ಎರಡು ಚಪ್ಪಟೆ ಡಬ್ಬಿ ಬೇಕು. ಎಂಟು ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಹತ್ತು ಕಾಳು ಮೆಂತ್ಯ. ಇಷ್ಟನ್ನು ಒಣಗಿದ ಬಾಣಲೆಯಲ್ಲಿ ಬಿಸಿಯಾಗುವಷ್ಟು ಹುರಿಯಿರಿ. ಗೋಲಿ ಗಾತ್ರದ ಹುಣಸೆ, ನಾಲ್ಕೈದು ಎಸಳು ಬೆಳ್ಳುಳ್ಳಿ, ಕಾಲು ಚಮಚ ಅರಿಶಿನ, ಅರ್ಧ ಈರುಳ್ಳಿ ಸೇರಿಸಿ ನುಣ್ಣಗೆ ಅರೆಯಿರಿ. ಪುಳಿಮುಂಚಿಗೆ ತೆಂಗಿನಕಾಯಿ ಇಲ್ಲ.

ಅಗಲವಾದ ಪಾತ್ರೆ ತೆಗೆದುಕೊಳ್ಳಿ. ಮಣ್ಣಿನದ್ದಿದ್ದರೆ ಇನ್ನೂ ಒಳ್ಳೆಯದು. ಎರಡು ಚಮಚ ತೆಂಗಿನೆಣ್ಣೆಯಲ್ಲಿ ಕರಿಬೇವು, ಸಣ್ಣಗೆ ಹೆಚ್ಚಿದ ಶುಂಠಿ, ಉಳಿದ ಅರ್ಧ ಈರುಳ್ಳಿ ಬಾಡಿಸಿ ಮಸಾಲೆ ಹಾಕಿ. ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಬೇಯಲಿ, ಎಂಟು-ಹತ್ತು ನಿಮಿಷ ಹಿಡಿಯುತ್ತದೆ. ಇಲ್ಲಿ ಅವಸರ ಬೇಡ. ತಾಜಾ ಮೀನಾದರೆ ಮೀನಿನ ಜೊತೆಯೇ ಮಸಾಲೆಯೂ ಬೇಯುತ್ತದೆ. ಡಬ್ಬಿ ಮೀನಿಗೆ ಆ ಸಮಯ ಸಿಗುವುದಿಲ್ಲ. ಆಮೇಲೆ ಅರ್ಧ ಲೋಟ ನೀರು ಹಾಕಿ ಕುದಿಸಿ ರುಚಿ ನೋಡಿ. ಉಪ್ಪು ಈಗ ಹಾಕಬೇಡಿ, ಮೀನಿನಲ್ಲೇ ಇದೆ.

ಇನ್ನು ಡಬ್ಬಿ ತೆರೆಯುವುದು. ರಿಂಗನ್ನು ನೇರ ಎತ್ತಿ ನಿಲ್ಲಿಸಿ, 'ಟಕ್' ಅಂದಮೇಲೆ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಕೊನೆಯ ಒಂದು ಇಂಚಿನಲ್ಲಿ ಜೋರಾಗಿ ಎಳೆದರೆ ಎಣ್ಣೆ ಅಂಗಿಗೆ ಹಾರುತ್ತದೆ. ಮುಚ್ಚಳದ ಅಂಚು ಬ್ಲೇಡು, ಹುಷಾರು. ಪೂರ್ತಿ ಕೀಳದೆ, ಅದೇ ಮುಚ್ಚಳವನ್ನು ಮೀನಿನ ಮೇಲೆ ಮೆಲ್ಲಗೆ ಒತ್ತಿಹಿಡಿದು ಡಬ್ಬಿ ಓರೆ ಮಾಡಿದರೆ ಎಣ್ಣೆ ಬಸಿಯುತ್ತದೆ, ಮೀನು ಮುರಿಯುವುದಿಲ್ಲ.

ಮೀನನ್ನು ಒಂದೊಂದಾಗಿ ಮಸಾಲೆಯ ಮೇಲೆ ಮಲಗಿಸಿ. ಸೌಟು ಹಾಕಬೇಡಿ. ಪಾತ್ರೆಯ ಎರಡು ಕಿವಿ ಹಿಡಿದು ಒಮ್ಮೆ ತಿರುಗಿಸಿದರೆ ಮಸಾಲೆ ತಾನಾಗಿ ಮೇಲೆ ಬರುತ್ತದೆ. ಮೂರು ನಿಮಿಷ ಸಣ್ಣ ಉರಿ, ಆಮೇಲೆ ಒಲೆ ಆರಿಸಿ. ಅರ್ಧ ಗಂಟೆ ಮುಚ್ಚಿಡಿ. ಆಗ ತಾನೇ ಇಳಿಸಿದ್ದಕ್ಕೂ ಅರ್ಧ ಗಂಟೆ ಬಿಟ್ಟು ತಿಂದದ್ದಕ್ಕೂ ರುಚಿಯಲ್ಲಿ ತುಂಬಾ ವ್ಯತ್ಯಾಸ. ತಾಜಾ ಬೂತಾಯಿಯ ಪುಳಿಮುಂಚಿಗೆ ಸಮ ಅಂತ ನಾನು ಹೇಳುವುದಿಲ್ಲ. ಕುಚ್ಚಲಕ್ಕಿ ಗಂಜಿಯ ಜೊತೆ ಇಟ್ಟರೆ ಯಾರೂ ತಟ್ಟೆಯಲ್ಲಿ ಬಿಡುವುದೂ ಇಲ್ಲ.

ಟ್ಯೂನಾ ಸುಕ್ಕ ಇನ್ನೂ ಸುಲಭ. ಟ್ಯೂನಾವನ್ನು ಚೆನ್ನಾಗಿ ಹಿಂಡಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವು, ಜಾಸ್ತಿಯೇ ಈರುಳ್ಳಿ ಹಾಕಿ ಕೆಂಪಗೆ ಹುರಿಯಿರಿ. ಮಿಕ್ಸಿಯಲ್ಲಿ ಒಂದು ಹಿಡಿ ತೆಂಗಿನತುರಿ, ಹುರಿದ ಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ, ಚೂರು ಹುಣಸೆ ತರಿತರಿಯಾಗಿ ತಿರುಗಿಸಿ. ಅದನ್ನು ಬಾಣಲೆಗೆ ಹಾಕಿ, ತೇವ ಆರಿದಮೇಲೆ ಟ್ಯೂನಾ ಸೇರಿಸಿ ಎರಡು ನಿಮಿಷ ಕಲಸಿ ಇಳಿಸಿ. ಒಣಕಲು ಮಾಂಸ ಇಲ್ಲಿ ದೋಷವೇ ಅಲ್ಲ, ಸುಕ್ಕಕ್ಕೆ ಅದೇ ಬೇಕು. ಉಳಿದರೆ ಮರುದಿನ ಆಲೂಗಡ್ಡೆ ಸೇರಿಸಿ, ಚಿರೋಟಿ ರವೆಯಲ್ಲಿ ಹೊರಳಿಸಿ ಕಟ್ಲೆಟ್ ಮಾಡಿ.

ಒಂದು ಆಸೆ ಬಿಟ್ಟುಬಿಡಿ: ತವಾ ಫ್ರೈ. ಡಬ್ಬಿ ಬೂತಾಯಿಗೆ ಮಸಾಲೆ ಸವರಿ ಕಾವಲಿಗೆ ಹಾಕಿದರೆ ಮಗುಚುವಾಗ ಎರಡಾಗುತ್ತದೆ. ಫ್ರೈ ಬೇಕೇ ಬೇಕಾದರೆ ಫ್ರೋಜನ್ ಮೀನು ತನ್ನಿ.

ಯಾರು, ಎಷ್ಟು ತಿನ್ನಬಹುದು

ಪಾದರಸದ ವಿಷಯ ಕೇಳಿರುತ್ತೀರಿ. ದೊಡ್ಡ ಮೀನು ಸಣ್ಣ ಮೀನನ್ನು ತಿಂದು ಬದುಕುತ್ತದೆ, ವರ್ಷಗಟ್ಟಲೆ ಬದುಕುತ್ತದೆ, ಹಾಗಾಗಿ ಅದರ ಮೈಯಲ್ಲಿ ಪಾದರಸ ಜಮೆಯಾಗುತ್ತದೆ. ಅಮೆರಿಕದ ಆಹಾರ-ಔಷಧ ಸಂಸ್ಥೆ ಎಫ್‌ಡಿಎ ಲೆಕ್ಕದಲ್ಲಿ ಸಾರ್ಡಿನ್‌ನಲ್ಲಿ ಸರಾಸರಿ 0.013 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ), ಡಬ್ಬಿಯ ಲೈಟ್ ಟ್ಯೂನಾದಲ್ಲಿ 0.126, ಆಲ್ಬಕೋರ್‌ನಲ್ಲಿ 0.350. ಅಂದರೆ ಆಲ್ಬಕೋರಿನಲ್ಲಿ ಬೂತಾಯಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಅದೇ ಸಂಸ್ಥೆ ಬಸುರಿಯರಿಗೆ, ಹಾಲುಣಿಸುವ ತಾಯಂದಿರಿಗೆ ಹೇಳುವುದು: ಸಾರ್ಡಿನ್, ಸಾಲ್ಮನ್, ಲೈಟ್ ಟ್ಯೂನಾ ಗುಂಪಿನಿಂದ ವಾರಕ್ಕೆ ಎರಡು-ಮೂರು ಸಲ, ಆಲ್ಬಕೋರ್ ಆದರೆ ವಾರಕ್ಕೆ ಒಂದೇ ಸಲ, ಬೇರೆ ಮೀನು ಆ ವಾರ ಬೇಡ. ಒಂದು ಸಲ ಅಂದರೆ 113 ಗ್ರಾಂ. ದಿನಕ್ಕೆರಡು ಡಬ್ಬಿ ಟ್ಯೂನಾ ತಿನ್ನುವ ಜಿಮ್ಮಿನ ಹುಡುಗರು ಬಸುರಿಯರಲ್ಲ, ನಿಜ. ಆದರೂ ನಡುವೆ ಮೊಟ್ಟೆ, ಕಾಳು, ಬೂತಾಯಿ ಇಟ್ಟುಕೊಳ್ಳುವುದು ಒಳ್ಳೆಯದಲ್ವಾ?

ಬೂತಾಯಿಯೂ ಎಲ್ಲರಿಗೂ ಆಗುವುದಿಲ್ಲ. ಯೂರಿಕ್ ಆಸಿಡ್ ಜಾಸ್ತಿ ಇರುವವರು, ಗೌಟ್‌ನಿಂದ ಹೆಬ್ಬೆರಳು ಊದಿ ಒದ್ದಾಡಿದವರು ಸಾರ್ಡಿನ್, ಆಂಚೋವಿ ಎರಡರಿಂದಲೂ ದೂರ ಇರಬೇಕು. ಮೈಯಲ್ಲಿ ಯೂರಿಕ್ ಆಸಿಡ್ ಆಗುವ ಪ್ಯೂರಿನ್ ಅಂಶ ಅವುಗಳಲ್ಲಿ ತುಂಬಾ. ಅವರಿಗೆ ಟ್ಯೂನಾವೂ ಮಿತಿಯಲ್ಲೇ.

ಯಾವ ಡಬ್ಬಿ ಎಸೆಯಬೇಕು

ಉಬ್ಬಿದ ಡಬ್ಬಿಯನ್ನು ತೆರೆಯಲೇಬೇಡಿ. ತೆರೆದಾಗ ದ್ರವ ಚಿಮ್ಮಿದರೆ ರುಚಿ ನೋಡಬೇಡಿ. ಬ್ಯಾಕ್ಟೀರಿಯಾದ ವಿಷದಿಂದ ಬರುವ ಬಾಟುಲಿಸಂ ಅಪರೂಪದ್ದು, ಆದರೆ ಜೀವಕ್ಕೇ ಬರುವಂಥದ್ದು. ಆ ವಿಷಕ್ಕೆ ವಾಸನೆ, ಬಣ್ಣ ಇರಲೇಬೇಕು ಅಂತಿಲ್ಲ. ನಡುವಿನಲ್ಲಿ ಸಣ್ಣ ತಗ್ಗಿದ್ದರೆ ಪರವಾಗಿಲ್ಲ. ಮುಚ್ಚಳ ಸೇರುವ ಅಂಚಿನಲ್ಲಿ ಜಜ್ಜಿದ್ದರೆ ಬೇಡ. ಬಟ್ಟೆಯಲ್ಲಿ ಒರೆಸಿದರೆ ಹೋಗುವ ತುಕ್ಕು ತೊಂದರೆಯಲ್ಲ. ತಗಡನ್ನು ತಿಂದಿರುವ ತುಕ್ಕಾದರೆ ಎಸೆಯಿರಿ.

ಟ್ಯೂನಾ, ಬಂಗುಡೆ, ಬೂತಾಯಿ ಜಾತಿಯ ಮೀನುಗಳಲ್ಲಿ ಇನ್ನೊಂದು ತೊಂದರೆಯಿದೆ. ಹಿಡಿದ ಮೇಲೆ ಐಸಿನಲ್ಲಿ ಸರಿಯಾಗಿ ಇಡದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ. ಬಾಯಿಗಿಟ್ಟಾಗ ಮೆಣಸಿನಂತೆ ಚುರುಗುಟ್ಟಿದರೆ, ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ತಲೆನೋವು ಬಂದರೆ ಇದನ್ನೇ ಸಂಶಯಪಡಬೇಕು. ತಿನ್ನುವುದನ್ನು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಪುಳಿಮುಂಚಿಯಲ್ಲಿ ಈ ಚುರುಗು ಗೊತ್ತೇ ಆಗುವುದಿಲ್ಲ. ಅದಕ್ಕೇ ಡಬ್ಬಿ ತೆರೆದ ಕೂಡಲೇ ಮಸಾಲೆಗೆ ಹಾಕುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡುವ ಅಭ್ಯಾಸ ಒಳ್ಳೆಯದು.

ಕೆಲವೊಮ್ಮೆ ಮೀನಿನಲ್ಲಿ ಗಾಜಿನ ಚೂರಿನಂಥ ಹರಳು ಸಿಗುತ್ತದೆ, ಜನ ಗಾಬರಿಯಾಗುತ್ತಾರೆ. ಮೀನಿನಲ್ಲೇ ಇರುವ ಖನಿಜಗಳು ಸೇರಿ ಹರಳಾದ ಸ್ಟ್ರುವೈಟ್ ಅದು, ತೊಂದರೆಯಿಲ್ಲ. ಸಂಶಯವಿದ್ದರೆ ಬಿಸಿ ವಿನೆಗರಿನಲ್ಲಿ ಹಾಕಿಡಿ. ಸ್ಟ್ರುವೈಟ್ ಆದರೆ ಕೆಲವು ನಿಮಿಷದಲ್ಲಿ ಕರಗುತ್ತದೆ. ಕರಗದಿದ್ದರೆ ಗಾಜೇ, ಅಂಗಡಿಗೆ ವಾಪಸ್ ಒಯ್ಯಿರಿ.

ತೆರೆದ ಡಬ್ಬಿಯಲ್ಲಿ ಮೀನು ಉಳಿದರೆ ಡಬ್ಬಿ ಸಮೇತ ಫ್ರಿಜ್ಜಿಗೆ ಇಡಬೇಡಿ. ಗಾಜಿನ ಪಾತ್ರೆಗೆ ಹಾಕಿ ಮುಚ್ಚಿ. ಮೂರು ದಿನ, ಹೆಚ್ಚೆಂದರೆ ನಾಲ್ಕು. ಖಾಲಿ ಡಬ್ಬಿಯನ್ನು ಪಾತ್ರೆ ಸೋಪಿನಲ್ಲಿ ತೊಳೆದು, ಮುಚ್ಚಳವನ್ನು ಒಳಕ್ಕೆ ಮಡಚಿ ಒಣ ಕಸಕ್ಕೆ ಹಾಕಿ. ಕಸ ವಿಂಗಡಿಸುವವರು ಬರಿಗೈಯಲ್ಲಿ ಕೆಲಸ ಮಾಡುತ್ತಾರೆ, ಆ ಅಂಚು ಅವರ ಬೆರಳು ಕುಯ್ಯುತ್ತದೆ. ತೊಳೆಯದೆ ಇಟ್ಟರೆ ಬೆಳಿಗ್ಗೆಯೊಳಗೆ ಇರುವೆ ಸಾಲು, ಬೀದಿಯ ಬೆಕ್ಕು, ಆಮೇಲೆ ಸಸ್ಯಾಹಾರಿ ಮಾಲೀಕರು, ಇದೇ ಕ್ರಮದಲ್ಲಿ ಬಾಗಿಲಿಗೆ ಬರುತ್ತಾರೆ.